ಸಾಹಿತಿಗಳ ಆತ್ಮಕಥೆ: ಯಾವುದನ್ನು ಮೊದಲು ಓದಬೇಕು?

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿ ಮುಗಿಸಿದವರು ಅವರ ಆತ್ಮಕಥೆ ‘ಭಿತ್ತಿ’ ಹುಡುಕುತ್ತಾರೆ. ಗಿರೀಶ ಕಾರ್ನಾಡರ ನಾಟಕ ‘ತುಘಲಕ್’ ನೋಡಿ ಬಂದವರಿಗೆ ಅವರ ‘ಆಡಾಡತ ಆಯುಷ್ಯ’ ಓದಬೇಕೆನಿಸುತ್ತದೆ. ಪುಸ್ತಕದಂಗಡಿಗೆ ಹೋದರೆ ಅದೇ ಸಾಲಿನಲ್ಲಿ ‘ಹುಳಿಮಾವಿನ ಮರ’, ‘ಸುರಗಿ’, ‘ಊರುಕೇರಿ’, ಅವುಗಳ ಮಗ್ಗುಲಲ್ಲಿ ಇಟ್ಟಿಗೆಯಷ್ಟು ದಪ್ಪದ ‘ನೆನಪಿನ ದೋಣಿಯಲ್ಲಿ’. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ದುಡ್ಡು ಸಾಲದು, ಕೊಂಡರೂ ಓದಲು ಪುರುಸೊತ್ತು ಸಿಗದು. ಯಾವುದರಿಂದ ಶುರು ಮಾಡಲಿ ಎಂದು ಕೇಳಿದವರಿಗೆ ‘ಎಲ್ಲವೂ ಚೆನ್ನಾಗಿವೆ’ ಎಂದರೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. ಈ ಪುಸ್ತಕಗಳು ಒಂದೇ ಜಾತಿಯವಲ್ಲ. ಒಬ್ಬರು ಬದುಕಿನ ಅರ್ಧಕ್ಕೇ ನಿಲ್ಲಿಸಿದ್ದಾರೆ, ಇನ್ನೊಬ್ಬರು ಕಾಲಾನುಕ್ರಮವನ್ನೇ ಬಿಟ್ಟಿದ್ದಾರೆ, ಮತ್ತೊಬ್ಬರು ಬರೆಯದೆ ಹೇಳಿ ಬರೆಸಿದ್ದಾರೆ. ಇವನ್ನು ಮೊದಲೇ ತಿಳಿದಿದ್ದರೆ ಆಯ್ಕೆ ಸುಲಭ.

ಅಳೆಯುವುದು ಹೇಗೆ?

ಮೊದಲನೆಯದು, ನೀವು ಈಗಾಗಲೇ ಓದಿ ಮೆಚ್ಚಿದ ಯಾವ ಕೃತಿಗೆ ಈ ಆತ್ಮಕಥೆ ಜೋಡಿಯಾಗುತ್ತದೆ ಎಂಬುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆಗೋಲು ಇದೇ. ಬರಹಗಾರರ ಆತ್ಮಕಥೆಗೆ ಅರ್ಧ ಬೆಳಕು ಬರುವುದು ಅವರ ಕೃತಿಗಳಿಂದ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದದವರಿಗೆ ಅವರ ಆತ್ಮಕಥೆ ‘ಸುರಗಿ’ಯ ಅಗ್ರಹಾರ ಬರೀ ಒಂದು ಊರು. ಓದಿದವರಿಗೆ ಅಲ್ಲಿಯ ಒಂದೊಂದು ಓಣಿಯೂ ಪರಿಚಿತ.

ಎರಡನೆಯದು, ಕಥೆ ಎಲ್ಲಿಗೆ ನಿಲ್ಲುತ್ತದೆ ಎಂಬುದು. ಓದುಗರಿಗೆ ಹೆಚ್ಚು ನಿರಾಸೆಯಾಗುವುದು ಇಲ್ಲೇ. ತಮಗೆ ಬೇಕಾದ ಪುಸ್ತಕ ಹುಟ್ಟಿದ ಬಗೆ ತಿಳಿಯಲೆಂದು ಓದುತ್ತಾ ಹೋಗುತ್ತಾರೆ. ಆ ವರ್ಷ ಬರುವ ಮೊದಲೇ ಆತ್ಮಕಥೆ ಮುಗಿದಿರುತ್ತದೆ.

ಮೂರನೆಯದು ಗಾತ್ರ ಮತ್ತು ಕಟ್ಟಿದ ಕ್ರಮ. ಬಿಡಿ ಪ್ರಸಂಗಗಳ ಪುಸ್ತಕವನ್ನು ಬಸ್ಸಿನಲ್ಲೂ ಓದಬಹುದು. ಹರಿವಿರುವ ದೊಡ್ಡ ಪುಸ್ತಕ ವಾರಗಟ್ಟಲೆ ನಿಮ್ಮನ್ನು ಬೇಡುತ್ತದೆ. ನಾಲ್ಕನೆಯದು ಭಾಷೆ: ಗ್ರಂಥಸ್ಥ ಕನ್ನಡವೋ, ಧಾರವಾಡದ ಮಾತೋ, ಆಡಿದ್ದನ್ನು ಹಾಗೇ ಇಳಿಸಿದ್ದೋ. ಕೊನೆಯದು, ದನಿ ಯಾರದು ಎಂಬುದು. ತಾವೇ ಬರೆದದ್ದು, ಇನ್ನೊಬ್ಬರು ನಿರೂಪಿಸಿದ್ದು, ಮಗನೋ ಹೆಂಡತಿಯೋ ಬರೆದದ್ದು ಎಂದು ಮೂರು ಬಗೆ. ಒಂದರಲ್ಲಿ ಸಿಗುವುದು ಇನ್ನೊಂದರಲ್ಲಿ ಸಿಗುವುದಿಲ್ಲ.

ಭಿತ್ತಿ: ಕಾದಂಬರಿ ನಿಂತಲ್ಲಿಂದ ಮುಂದಕ್ಕೆ

ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಹೊರಬಂದದ್ದು 1996ರಲ್ಲಿ. ಇದರ ಜೋಡಿ ಕೃತಿ ಯಾವುದು ಎಂಬ ಬಗ್ಗೆ ಅನುಮಾನವೇ ಬೇಡ, 1970ರ ‘ಗೃಹಭಂಗ’. ಕೈಲಾಗದ ಗಂಡ ಚೆನ್ನಿಗರಾಯ, ಬಾಯಿಬಡುಕಿ ಅತ್ತೆ ಗಂಗಮ್ಮ, ಇವರ ನಡುವೆ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಎತ್ತುವ ನಂಜಮ್ಮ, ಕೊನೆಗೆ ಎಲ್ಲವನ್ನೂ ಗುಡಿಸಿ ಹಾಕುವ ಪ್ಲೇಗು. ಕಾದಂಬರಿಯ ಕೊನೆಯಲ್ಲಿ ಉಳಿಯುವವನು ಪುಟ್ಟ ಹುಡುಗ ವಿಶ್ವ, ಅವನನ್ನು ಕರೆದುಕೊಂಡು ಹೊರಡುವವರು ಮಹಾದೇವಯ್ಯ. ಮುಂದೆ ಆ ಹುಡುಗ ಏನಾದ ಎಂಬ ಪ್ರಶ್ನೆ ಓದುಗನನ್ನು ಕಾಡುತ್ತದೆ. ಸಂತೇಶಿವರದಲ್ಲಿ ಹುಟ್ಟಿ, ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಹುಡುಗನೊಬ್ಬ ಊದುಬತ್ತಿ ಮಾರಿ, ಟೆಂಟ್ ಸಿನಿಮಾದ ಬಾಗಿಲು ಕಾದು, ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿ, ಕೊನೆಗೆ ತತ್ತ್ವಶಾಸ್ತ್ರದ ಮೇಷ್ಟ್ರಾದ ಕಥೆ ‘ಭಿತ್ತಿ’ಯಲ್ಲಿದೆ.

ಗೃಹಭಂಗ ಮೊದಲು, ಭಿತ್ತಿ ಆಮೇಲೆ: ಈ ಕ್ರಮ ತಪ್ಪಿಸಬೇಡಿ. ಭಿತ್ತಿಯನ್ನು ಮೊದಲು ಓದಿದರೆ ನಂಜಮ್ಮನ ಜಾಗದಲ್ಲಿ ಲೇಖಕರ ತಾಯಿಯೇ ಬಂದು ನಿಲ್ಲುತ್ತಾರೆ, ಪ್ರತಿ ಪುಟದಲ್ಲೂ ‘ಇದು ನಿಜವಾಗಿ ನಡೆದದ್ದೋ’ ಎಂದು ಮನಸ್ಸು ತಡವರಿಸುತ್ತದೆ, ಕಾದಂಬರಿ ಕಾದಂಬರಿಯಾಗಿ ಉಳಿಯುವುದಿಲ್ಲ. ಮೊದಲು ನಂಜಮ್ಮ ನಿಮ್ಮವಳಾಗಲಿ. ಆಮೇಲೆ ಆಕೆ ಎಲ್ಲಿಂದ ಬಂದಳು ಎಂದು ತಿಳಿದರೆ ನಷ್ಟವಿಲ್ಲ.

ಮಿತಿಯೂ ಇದೆ. 1996ರ ಪುಸ್ತಕವಾದ್ದರಿಂದ ‘ಮಂದ್ರ’, ‘ಆವರಣ’ (2007) ಹುಟ್ಟಿದ ಹಿನ್ನೆಲೆ ಇದರಲ್ಲಿ ಸಿಗದು. ಆ ಎರಡು ಕೃತಿಗಳ ಜಾಡು ಹಿಡಿದು ಬರುವವರು ಇದನ್ನು ಆರಿಸಬೇಡಿ. ಗಾತ್ರ ದೊಡ್ಡದಾದರೂ ಬಾಲ್ಯದ ಭಾಗ ಸರಸರನೆ ಓದಿಸಿಕೊಳ್ಳುತ್ತದೆ. ನೌಕರಿ, ವಾದವಿವಾದಗಳ ಭಾಗ ನಿಧಾನ. ಅಲ್ಲಿ ಒಂದು ಎಚ್ಚರಿಕೆ: ಜಗಳದ ಕಥೆಯನ್ನು ಒಬ್ಬರ ಬಾಯಿಂದ ಮಾತ್ರ ಕೇಳುತ್ತಿದ್ದೇವೆ ಎಂಬುದು ನೆನಪಿರಲಿ. ಇದು ಭೈರಪ್ಪನವರಿಗೆ ಮಾತ್ರವಲ್ಲ, ಈ ಸಾಲಿನ ಎಲ್ಲರಿಗೂ ಅನ್ವಯಿಸುತ್ತದೆ.

ಆಡಾಡತ ಆಯುಷ್ಯ: ಸೊಗಸಾದ ಅರ್ಧ

ಮೊದಲ ಸಲ ಸಾಹಿತಿಯೊಬ್ಬರ ಆತ್ಮಕಥೆ ಓದುವವರಿಗೆ, ವಿಶೇಷವಾಗಿ ಕಾದಂಬರಿಯ ಓಟಕ್ಕೆ ಒಗ್ಗಿದವರಿಗೆ, ನಾನು ಕೈಗಿಡುವುದು ಗಿರೀಶ ಕಾರ್ನಾಡರ ಈ ಪುಸ್ತಕವನ್ನು (2011, ಧಾರವಾಡದ ಮನೋಹರ ಗ್ರಂಥಮಾಲೆ). ಆರಂಭವೇ ಬೆಚ್ಚಿಬೀಳಿಸುತ್ತದೆ. ಈ ಮಗು ಬೇಡವೆಂದು ತಾಯಿ ಪುಣೆಯ ವೈದ್ಯೆ ಮಧುಮಾಲತಿ ಗುಣೆಯವರ ಬಳಿ ಹೋಗಿದ್ದರು. ವೈದ್ಯೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕಾದು ಬೇಸತ್ತು ಮನೆಗೆ ಮರಳಿದರು. ಪುಸ್ತಕದ ಅರ್ಪಣೆ ಆ ವೈದ್ಯೆಗೇ. ಎಳೆಯ ವಯಸ್ಸಿಗೇ ವಿಧವೆಯಾಗಿ, ಮಗುವೊಂದನ್ನು ಇಟ್ಟುಕೊಂಡು ನರ್ಸ್ ಆಗಿ ದುಡಿದು, ಮರುಮದುವೆಯಾದ ಆ ತಾಯಿಯ ಚಿತ್ರಕ್ಕಾಗಿಯೇ ಇದನ್ನು ಓದಬಹುದು.

ಜೋಡಿ ಕೃತಿಯಾಗಿ ‘ತುಘಲಕ್’ (1964) ಎಲ್ಲರಿಗೂ ಹೊಳೆಯುತ್ತದೆ. ನನ್ನ ಸಲಹೆ ‘ಯಯಾತಿ’ (1961). ಇಂಗ್ಲಿಷ್ ಕವಿಯಾಗಬೇಕೆಂದಿದ್ದ ತರುಣ, ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ತಾನೇ ಅಚ್ಚರಿಪಡುವಂತೆ, ಕನ್ನಡದಲ್ಲಿ ನಾಟಕ ಬರೆಯುತ್ತಾನೆ. ತಂದೆಗಾಗಿ ಮಗ ಯೌವನವನ್ನು ಬಿಟ್ಟುಕೊಡುವ ಪೌರಾಣಿಕ ಕಥೆಯಲ್ಲಿ ತನ್ನ ಮನೆಯ ನಿರೀಕ್ಷೆಗಳ ಭಾರವೇ ಅಡಗಿತ್ತು ಎಂಬುದು ಅವನಿಗೆ ತಿಳಿಯುವುದು ತಡವಾಗಿ. ಬದುಕು ಕೃತಿಯೊಳಕ್ಕೆ ಕಳ್ಳಹೆಜ್ಜೆಯಿಟ್ಟು ಬರುವ ಬಗೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕ ಇಲ್ಲವೆಂದು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಆಡಿದ ಮಾತೇ ‘ತುಘಲಕ್’ಗೆ ಬೀಜವಾಯಿತು.

ಬೆಲೆ ಕೊಡುವ ಮೊದಲು ತಿಳಿಯಬೇಕಾದ್ದು: ಕಥೆ 1970ರ ದಶಕದ ನಡುವಿಗೆ ನಿಲ್ಲುತ್ತದೆ. ‘ನಾಗಮಂಡಲ’, ‘ತಲೆದಂಡ’ಗಳ ಕಾಲ ಇದರಲ್ಲಿಲ್ಲ. ಹಳೆ ಮೈಸೂರಿನ ಓದುಗರಿಗೆ ನಡುನಡುವೆ ಬರುವ ಧಾರವಾಡದ ಮಾತಿಗೆ ಕಿವಿ ಹೊಂದಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಅದೇ ರುಚಿ ಹತ್ತುತ್ತದೆ.

ಊರುಕೇರಿ: ತೆಳ್ಳಗಿದೆ, ಹಗುರವಲ್ಲ

ದುಡ್ಡು ಕಡಿಮೆ, ಹೊತ್ತೂ ಕಡಿಮೆ ಎನ್ನುವವರಿಗೆ ಯೋಚನೆಯೇ ಬೇಡ, ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮೊದಲ ಭಾಗ. ಒಂದೆರಡು ಸಲ ಕೂತರೆ ಮುಗಿಯುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಬಾಲ್ಯ, ಆಮೇಲೆ ಬೆಂಗಳೂರಿನ ಶ್ರೀರಾಮಪುರ. ಮೊದಲಲ್ಲೇ ಒಂದು ದೃಶ್ಯವಿದೆ: ಹೊಲದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಎತ್ತುಗಳಂತೆ ನಡೆಯುತ್ತಿದ್ದಾರೆ, ಹಿಂದಿನಿಂದ ಒಬ್ಬ ನೇಗಿಲು ಹಿಡಿದಿದ್ದಾನೆ. ನೋಡುತ್ತಿರುವ ಹುಡುಗನಿಗೆ ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ ಎಂದು ಗೊತ್ತು. ಅದನ್ನು ಹೇಳುವಾಗ ದನಿ ಒಂದಿಷ್ಟೂ ಏರುವುದಿಲ್ಲ. ಮುಂದಿನ ಪುಟಗಳಲ್ಲಿ ನಗು ಉಕ್ಕುತ್ತದೆ, ಸ್ಮಶಾನದಲ್ಲಿ ಕೂತು ಓದುವ ಹುಡುಗನ ಪ್ರಸಂಗಗಳು ಬರುತ್ತವೆ.

ಇಲ್ಲೇ ಎಡವುವವರೂ ಇದ್ದಾರೆ. ಅವರದೇ ‘ಹೊಲೆಮಾದಿಗರ ಹಾಡು’ (1975) ಕವನ ಸಂಕಲನದ ಕಿಚ್ಚನ್ನು ಆತ್ಮಕಥೆಯಲ್ಲೂ ಹುಡುಕಿ, ಇಷ್ಟು ತಮಾಷೆ ಯಾಕೆ ಎಂದು ಗೊಂದಲಪಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ: ಒಂದು ಕವನ, ಒಂದು ಅಧ್ಯಾಯ. ಅದೇ ನೋವು ಮೈದಾನದಲ್ಲಿ ಹಾಡಿದಾಗ ಬೆಂಕಿಯಾಗಿದೆ, ಹತ್ತಿರ ಕೂತು ಹೇಳಿದಾಗ ನಗೆಯಾಗಿದೆ. ಈ ಪುಸ್ತಕ ಬೇರೆ ಬೇರೆ ವರ್ಷಗಳಲ್ಲಿ ಭಾಗಗಳಾಗಿ ಬಂದದ್ದರಿಂದ ಕೊಳ್ಳುವಾಗ ಕೈಯಲ್ಲಿರುವುದು ಎಷ್ಟನೆಯ ಭಾಗ ಎಂದು ಒಳಪುಟ ತಿರುವಿ ನೋಡಿ. ಮಂಚನಬೆಲೆ, ಶ್ರೀರಾಮಪುರ ಬೇಕಿದ್ದರೆ ಮೊದಲನೆಯದೇ ಆಗಬೇಕು.

ನಗೆ ಬೇಡ, ಏಟು ನೇರವಾಗಿ ಬೀಳಲಿ ಎನ್ನುವವರು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಆರಿಸಲಿ. ವಿಜಯಪುರ ಸೀಮೆಯ ಶಾಲೆ, ಬಾವಿ, ಹಾಸ್ಟೆಲುಗಳ ಬಿಡಿ ಪ್ರಸಂಗಗಳು. ಯಾವ ಪುಟದಿಂದಲಾದರೂ ಓದಬಹುದು, ಯಾವ ಪುಟವೂ ಹಗುರವಾಗಿ ದಾಟಿಹೋಗುವುದಿಲ್ಲ.

ನೆನಪಿನ ದೋಣಿಯೋ, ಅಣ್ಣನ ನೆನಪೋ

ಕುವೆಂಪು ಬದುಕನ್ನು ತಿಳಿಯಬೇಕೆಂದವರ ಮುಂದೆ ಎರಡು ದಾರಿ. ಅವರೇ ಬರೆದ ‘ನೆನಪಿನ ದೋಣಿಯಲ್ಲಿ’ (1980) ಸಾವಿರ ಪುಟ ದಾಟುವ ಗ್ರಂಥ. ದಿನಕ್ಕೆ 20 ಪುಟ ಓದಿದರೂ ಎರಡು ತಿಂಗಳ ಸಂಗತಿ. ಇಷ್ಟು ದೊಡ್ಡದಾದರೂ ಅದು ಹೇಳುವುದು ಬದುಕಿನ ಪೂರ್ವಾರ್ಧವನ್ನು: ಕುಪ್ಪಳಿಯ ಮನೆ, ಕಾಡು, ತೀರ್ಥಹಳ್ಳಿ, ಮೈಸೂರಿನ ವಿದ್ಯಾಭ್ಯಾಸ, ಶ್ರೀರಾಮಕೃಷ್ಣ ಆಶ್ರಮ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ (1956–60) ಕುವೆಂಪು ಇದರಲ್ಲಿ ಸಿಗುವುದಿಲ್ಲ. ಹಳೆಯ ದಿನಚರಿಯ ಭಾಗಗಳು ಉದ್ದಕ್ಕೂ ಬರುತ್ತವೆ, ಭಾಷೆ ಗಂಭೀರ, ನಡಿಗೆ ನಿಧಾನ.

ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದುತ್ತೇನೆಂದು ಹೊರಟವರು ಸಾಮಾನ್ಯವಾಗಿ ನಡುವೆ ಕೈಬಿಡುತ್ತಾರೆ. ಹೀಗೆ ಮಾಡಿ: ಮಲೆನಾಡಿನ ಬಾಲ್ಯದ ಅಧ್ಯಾಯಗಳನ್ನು ಪೂರ್ತಿ ಓದಿ, ಒಂದನ್ನೂ ಬಿಡಬೇಡಿ. ಆಮೇಲೆ 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ರನ್ನು ಭೇಟಿಯಾದ ಭಾಗಕ್ಕೆ ಹೋಗಿ. ಇಂಗ್ಲಿಷಿನಲ್ಲಿ ಕವಿತೆ ಬರೆದು ಪುಸ್ತಕವನ್ನೂ ತಂದಿದ್ದ ಹುಡುಗನಿಗೆ ಆ ಹಿರಿಯರು ನಿನ್ನ ನುಡಿಯಲ್ಲಿ ಬರೆ ಎಂದರು. ದಿನಚರಿಯ ಭಾಗಗಳನ್ನು ಕೊನೆಗೆ ಇಟ್ಟುಕೊಳ್ಳಿ. ಕುವೆಂಪು ಕಾವ್ಯದಲ್ಲಿ ಮುಳುಗಿದವರಿಗೆ ಅವು ಸಂಪತ್ತು, ಹೊಸಬರಿಗೆ ಭಾರ. ಜೋಡಿಗೆ ‘ಮಲೆಗಳಲ್ಲಿ ಮದುಮಗಳು’ (1967) ಇರಲಿ. ಬಾಲ್ಯದ ಕಾಡು ಕಾದಂಬರಿಯಲ್ಲಿ ಹೇಗೆ ಮರುಹುಟ್ಟು ಪಡೆದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಅಷ್ಟು ಹೊತ್ತಿಲ್ಲದವರಿಗೆ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ (1996). ಬಿಡಿಬಿಡಿ ಪ್ರಸಂಗಗಳು, ಮನೆಮಾತಿನ ಸಲೀಸು, ಮಗನ ಕಣ್ಣಿಗೆ ಕಂಡ ಅಪ್ಪ. ಇಲ್ಲಿರುವುದು ಕುವೆಂಪು ಎಷ್ಟೋ, ತೇಜಸ್ವಿಯೂ ಅಷ್ಟೇ. ಕವಿಯ ಒಳಬದುಕು, ಅಧ್ಯಾತ್ಮದ ಹುಡುಕಾಟ ಬೇಕೆಂದವರಿಗೆ ಇದು ಸಾಲದು. ಅದಕ್ಕೆ ದೋಣಿಯೇ ಆಗಬೇಕು. ಆ ಮನೆಯ ಗಾಳಿ ಬೆಳಕು ಬೇಕೆಂದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿಂದ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಗೆ ದಾಟಿದರೆ ಅಪ್ಪನ ಬಗ್ಗೆ ಬರೆದ ಮಗನೇ ಹೆಂಡತಿಯ ಮಾತಿನಲ್ಲಿ ಸಿಗುತ್ತಾನೆ. ತೇಜಸ್ವಿಯವರ ‘ಕರ್ವಾಲೊ’ ಮೆಚ್ಚಿದ ಎಳೆಯ ಓದುಗರಿಗೆ ನಾನು ಹೇಳುವ ದಾರಿ ಇದು.

ಹುಚ್ಚು ಮನಸ್ಸಿನ ಹತ್ತು ಮುಖಗಳು

ಕೃತಿ ಮೊದಲು, ಬದುಕು ಆಮೇಲೆ ಎಂಬ ಕ್ರಮವನ್ನು ಮುರಿಯಬೇಕಾದ ಜಾಗ ಶಿವರಾಮ ಕಾರಂತರದು. ನಲವತ್ತಕ್ಕೂ ಹೆಚ್ಚು ಕಾದಂಬರಿ, ಜೊತೆಗೆ ಯಕ್ಷಗಾನ, ವಿಜ್ಞಾನ, ಮಕ್ಕಳ ವಿಶ್ವಕೋಶ. ಎಲ್ಲಿಂದ ಹಿಡಿಯುವುದು ಎಂದು ತಿಳಿಯದವರಿಗೆ 1948ರಲ್ಲಿ ಮೊದಲು ಬಂದ ಈ ಆತ್ಮಕಥೆ ನಕ್ಷೆಯ ಕೆಲಸ ಮಾಡುತ್ತದೆ. ಹುಟ್ಟಿನಿಂದ ಶುರುವಾಗಿ ವರ್ಷವರ್ಷ ಸಾಗುವ ಕಥನ ಇದಲ್ಲ. ಅಸಹಕಾರ ಚಳವಳಿಗೆ ಓಗೊಟ್ಟು ಕಾಲೇಜು ಬಿಟ್ಟದ್ದು, ಖಾದಿ, ನಾಟಕ, ಪತ್ರಿಕೆ, ಪುತ್ತೂರಿನ ಬಾಲವನ ಹೀಗೆ ಆಸಕ್ತಿಗಳ ಜಾಡಿನಲ್ಲಿ ನಡೆಯುತ್ತದೆ. ಒಂದು ಪ್ರಯೋಗ ಮುಗಿದೊಡನೆ ಅದರ ಸೋಲನ್ನು ಮುಚ್ಚಿಡದೆ ಬರೆದು, ಮುಂದಿನದಕ್ಕೆ ಕೈಹಾಕುತ್ತಾರೆ.

ಆತ್ಮೀಯ ಗುಟ್ಟುಗಳನ್ನು ಬಯಸುವವರಿಗೆ ಇದು ಒಣ ಎನಿಸಬಹುದು. ಏನಾದರೂ ಮಾಡಬೇಕೆಂಬ ತುಡಿತವಿದ್ದು ದಾರಿ ಕಾಣದೆ ಕೂತ ಓದುಗರಿಗೆ ಮಾತ್ರ ಇದರಷ್ಟು ಹುರುಪು ಕೊಡುವ ಪುಸ್ತಕ ಈ ಪಟ್ಟಿಯಲ್ಲೇ ಇಲ್ಲ. ಕೊಳ್ಳುವಾಗ ಮುನ್ನುಡಿಗಳನ್ನು ನೋಡಿ, ನಂತರ ಬೆಳೆಸಿದ ಆವೃತ್ತಿಯೇ ಎಂದು ಖಾತ್ರಿ ಮಾಡಿಕೊಳ್ಳಿ. 1948ರ ಪಠ್ಯದಲ್ಲಿ ಆಮೇಲಿನ ದಶಕಗಳು ಇರಲು ಸಾಧ್ಯವಿಲ್ಲ. ಓದುತ್ತಾ ಚಳವಳಿಯ ಭಾಗಕ್ಕೆ ಬಂದಾಗ ‘ಔದಾರ್ಯದ ಉರುಳಲ್ಲಿ’, ಕರಾವಳಿಯ ಬದುಕಿನ ಭಾಗಕ್ಕೆ ಬಂದಾಗ ‘ಮರಳಿ ಮಣ್ಣಿಗೆ’ ಎತ್ತಿಕೊಳ್ಳಿ.

ಲಂಕೇಶ್, ಅನಂತಮೂರ್ತಿ, ಸಾರಾ

‘ಹುಳಿಮಾವಿನ ಮರ’ (1997) ಮತ್ತು ‘ಸುರಗಿ’ (2012) ಒಂದೇ ತಲೆಮಾರಿನ ಎರಡು ಆತ್ಮಕಥೆಗಳಾದರೂ ಓದುವ ಅನುಭವ ಬೇರೆಬೇರೆ. ಪಿ. ಲಂಕೇಶರದು ಚಿಕ್ಕ ವಾಕ್ಯ, ಒರಟು ಪ್ರಾಮಾಣಿಕತೆ; ಕೊನಗವಳ್ಳಿಯ ಹುಡುಗ ಇಂಗ್ಲಿಷ್ ಮೇಷ್ಟ್ರಾಗಿ, ಸಿನಿಮಾ ಮಾಡಿ, 1980ರಲ್ಲಿ ಪತ್ರಿಕೆ ಕಟ್ಟಿದ ಕಥೆ. ‘ಅವ್ವ’ ಕವನ ಬಾಯಿಪಾಠವಾದವರು ಇದನ್ನು ಬಿಡಬಾರದು. ಪತ್ರಿಕೋದ್ಯಮದಲ್ಲಿ ಆಸಕ್ತಿಯಿದ್ದರೆ ಇದೇ ನಿಮ್ಮ ಮೊದಲ ಪುಸ್ತಕ. ಅದನ್ನು ಮುಗಿಸಿದ ಮೇಲೆ ಇಂದಿರಾ ಲಂಕೇಶ್ ಬರೆದ ‘ಹುಳಿಮಾವು ಮತ್ತು ನಾನು’ ಓದದಿದ್ದರೆ ಓದು ಅರ್ಧವೇ. ಅದೇ ಮನೆ, ಅದೇ ವರ್ಷಗಳು, ಆದರೆ ಸಂಸಾರ ತೂಗಿಸಿದವರ ಲೆಕ್ಕ ಬೇರೆ.

‘ಸುರಗಿ’ ಯು.ಆರ್. ಅನಂತಮೂರ್ತಿ ಹೇಳಿದ್ದು, ಜ.ನಾ. ತೇಜಶ್ರೀ ನಿರೂಪಿಸಿದ್ದು. ಹಾಗಾಗಿ ಮಾತು ಸುತ್ತುತ್ತದೆ, ಹಿಂದಕ್ಕೆ ಹೋಗಿ ಬರುತ್ತದೆ, ಒಂದು ನೆನಪು ಇನ್ನೊಂದಕ್ಕೆ ಕೊಂಡಿ ಹಾಕುತ್ತದೆ. ಘಟನೆಗಳ ಪಟ್ಟಿ ಬೇಕಾದವರಿಗೆ ತಾಳ್ಮೆ ತಪ್ಪುತ್ತದೆ. ಚಿಂತನೆಯ ಬೆಳವಣಿಗೆ ಬೇಕಾದವರಿಗೆ ಈ ಸುತ್ತುವಿಕೆಯೇ ಲಾಭ. ಮೇಳಿಗೆಯ ಬಾಲ್ಯದಿಂದ ಹೊರಟು, ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ‘ಸಂಸ್ಕಾರ’ (1965) ಬರೆದ ಹೊತ್ತನ್ನು ಹಾದು, ಇಳಿವಯಸ್ಸಿನವರೆಗೂ ಬರುವುದರಿಂದ ‘ಎಲ್ಲಿಗೆ ನಿಲ್ಲುತ್ತದೆ’ ಎಂಬ ದೂರು ಇದರ ಮೇಲಿಲ್ಲ.

ಹೆಣ್ಣಿನ ದನಿ ಬೇಕೆಂದವರಿಗೆ ಸಾರಾ ಅಬೂಬಕ್ಕರ್ ಅವರ ‘ಹೊತ್ತು ಕಂತುವ ಮುನ್ನ’. ಕಾಸರಗೋಡಿನ ಮುಸ್ಲಿಂ ಕುಟುಂಬದ ಹುಡುಗಿ ಶಾಲೆ ಕಲಿತು, ಎಷ್ಟೋ ವರ್ಷಗಳ ನಂತರ ಲೇಖಕಿಯಾದದ್ದು ಹೇಗೆ ಎಂಬುದು ಇಲ್ಲಿದೆ. ಜೋಡಿಗೆ, ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ನಂತರ ಪುಸ್ತಕವಾದ ‘ಚಂದ್ರಗಿರಿಯ ತೀರದಲ್ಲಿ’. ಅದು ಚಿಕ್ಕ ಕಾದಂಬರಿಯಾದ್ದರಿಂದ ಎರಡೂ ಸೇರಿ ಹೊರೆಯೆನಿಸುವುದಿಲ್ಲ.

ಮಾಸ್ತಿಯವರ ‘ಭಾವ’ ಮೂರು ಸಂಪುಟ. ಹಳೆ ಮೈಸೂರಿನ ಆಡಳಿತ, ಆ ಕಾಲದ ಸಜ್ಜನಿಕೆ ತಿಳಿಯುವ ಆಸೆಯಿದ್ದವರು ಗ್ರಂಥಾಲಯದಿಂದ ಮೊದಲ ಸಂಪುಟ ತಂದು ರುಚಿ ನೋಡಿ, ಹಿಡಿಸಿದರೆ ಮುಂದುವರಿಯಲಿ. ಮೊದಲ ಆತ್ಮಕಥೆಯಾಗಿ ಇದನ್ನು ಸೂಚಿಸಲಾರೆ.

ಇನ್ನೂ ತೀರ್ಮಾನವಾಗದಿದ್ದರೆ

ಒಬ್ಬರ ಬದಲು ಒಂದು ಕಾಲವನ್ನೇ ಆರಿಸಿಕೊಳ್ಳಬಹುದು. 1970ರಲ್ಲಿ ಬಂದ ‘ಸಂಸ್ಕಾರ’ ಚಲನಚಿತ್ರ ನೋಡಿ: ಕಥೆ ಅನಂತಮೂರ್ತಿಯವರದು, ಪ್ರಾಣೇಶಾಚಾರ್ಯ ಕಾರ್ನಾಡರು, ನಾರಣಪ್ಪ ಲಂಕೇಶರು. ಮರುವರ್ಷ ಕಾರ್ನಾಡರೂ ಬಿ.ವಿ. ಕಾರಂತರೂ ಸೇರಿ ತೆರೆಗೆ ತಂದದ್ದು ಭೈರಪ್ಪನವರ ‘ವಂಶವೃಕ್ಷ’. ಆಮೇಲೆ ಅನಂತಮೂರ್ತಿ, ಕಾರ್ನಾಡ, ಲಂಕೇಶ್, ಭೈರಪ್ಪ ಈ ನಾಲ್ವರ ನಡುವೆ ಭಿನ್ನಾಭಿಪ್ರಾಯಗಳು ಬೆಳೆದವು. ನಾಲ್ಕು ಆತ್ಮಕಥೆಗಳಲ್ಲಿ ಅದೇ ವರ್ಷಗಳ ಪುಟಗಳನ್ನು ಮಾತ್ರ ಅಕ್ಕಪಕ್ಕ ಇಟ್ಟು ಓದಿದರೂ ಒಂದು ತಲೆಮಾರಿನ ಸ್ನೇಹ, ಮುನಿಸು ತಿಳಿಯುತ್ತದೆ. ಇದಕ್ಕೆ ನಾಲ್ಕನ್ನೂ ಕೊಳ್ಳಬೇಕಿಲ್ಲ, ಗ್ರಂಥಾಲಯದ ಒಂದು ಮಧ್ಯಾಹ್ನ ಸಾಕು.

ಕಡಿಮೆ ಖರ್ಚಿನಲ್ಲಿ ಲೇಖಕರ ಪರಿಚಯ ಮಾತ್ರ ಸಾಕೆನ್ನುವವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ‘ಭಾರತೀಯ ಸಾಹಿತ್ಯ ನಿರ್ಮಾಪಕರು’ ಮಾಲಿಕೆಯ ಕಿರುಹೊತ್ತಗೆಗಳಿವೆ. ಬದುಕು, ಕೃತಿ ಎರಡೂ ಅಡಕವಾಗಿ ಸಿಗುತ್ತವೆ, ಲೇಖಕರ ದನಿ ಮಾತ್ರ ಸಿಗುವುದಿಲ್ಲ. ಬೇಂದ್ರೆಯವರಂತೆ ಆತ್ಮಕಥೆಯನ್ನೇ ಬರೆಯದವರ ವಿಷಯದಲ್ಲಿ ಇಂಥ ಪುಸ್ತಕಗಳಿಂದಲೇ ಶುರು ಮಾಡಬೇಕು.

ಯಾವುದನ್ನೇ ಆರಿಸಿದರೂ ಕೈಯಲ್ಲಿ ಪೆನ್ಸಿಲ್ ಇರಲಿ. ನಮ್ಮ ಆತ್ಮಕಥೆಗಳಲ್ಲಿ ಪದಸೂಚಿ ಇರುವುದು ಅಪರೂಪ. ಒಮ್ಮೆ ದಾಟಿದ ಪ್ರಸಂಗವನ್ನು ಆಮೇಲೆ ಹುಡುಕುವುದು ಕಷ್ಟ. ಕೃತಿಯ ಹೆಸರು ಬಂದಾಗಲೆಲ್ಲ ಕೊನೆಯ ಖಾಲಿ ಹಾಳೆಯಲ್ಲಿ ಅದರ ಹೆಸರು, ಪುಟ ಸಂಖ್ಯೆ ಬರೆದಿಡಿ. ಇಸವಿಗಳ ಬಗ್ಗೆಯೂ ಎಚ್ಚರವಿರಲಿ. ದಶಕಗಳ ನಂತರ ನೆನಪಿನಿಂದ ಬರೆದದ್ದರಲ್ಲಿ ಒಂದೆರಡು ವರ್ಷ ಅತ್ತಿತ್ತ ಆಗಿರುತ್ತದೆ. ಕೃತಿಯ ಮೊದಲ ಮುದ್ರಣದ ವರ್ಷವನ್ನು ಅದರ ಒಳಪುಟದಲ್ಲೇ ನೋಡಿ, ಆತ್ಮಕಥೆಯ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.